ಕಷಾಯದ ಫ್ಲಾಸ್ಕು, ಭೂಪಾಲಿಯ ಮೀಂಡು

ಯಲ್ಲಾಪುರದ ಕ್ಲಾಸಿನಲ್ಲಿ ಭೂಪಾಲಿ ರಾಗದ ಅಂತರಾ, ಎಂದರೆ ಹಾಡಿನ ಮೇಲಿನ ಸ್ವರಗಳ ಭಾಗ, ಹೇಳಿಕೊಡುತ್ತಿದ್ದಾಗ ನನ್ನ ಮೇಲಿನ ಷಡ್ಜ ಕೈಕೊಟ್ಟಿತು. ಬೇಸುರಾದದ್ದಲ್ಲ, ಬೇಸುರಾದರೆ ತಿದ್ದಿಕೊಳ್ಳಬಹುದು. ಧೈವತದವರೆಗೆ ಹತ್ತಿದ ದನಿ ಅಲ್ಲಿಂದ ಮುಂದೆ ಬರೀ ಗಾಳಿಯಾಯಿತು. ಕೆಮ್ಮಿದೆ, ನೀರು ಕುಡಿದೆ, ಮತ್ತೊಮ್ಮೆ ಪ್ರಯತ್ನಿಸಿದೆ. ಮತ್ತೆ ಗಾಳಿ. ಕೊನೆಗೆ "ಗಂಟಲು ಸರಿಯಿಲ್ಲ, ಇವತ್ತು ಪೆಟ್ಟಿಗೆಯಲ್ಲೇ ಕೇಳಿ" ಎಂದು ಹಾರ್ಮೋನಿಯಂ ಮೇಲೆ ಆ ಸ್ವರ ಒತ್ತಿ ತೋರಿಸಿದೆ. ಬೇಸಿಗೆ ರಜೆ ಮುಗಿದು ಕ್ಲಾಸು ಶುರುವಾದ ಮೊದಲ ವಾರ ಅದು. ಅದೇ ಸ್ವರವನ್ನು ಬಾಯಿಂದ ಹಾಡಿ ತೋರಿಸಲು ಮುಂದಿನ ವರ್ಷದ ಮಾರ್ಚ್ ತಿಂಗಳೇ ಬರಬೇಕಾಯಿತು.

ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು, ಗಂಡ, ಅತ್ತೆ ಶಿರಸಿಯ ಪಕ್ಕದ ಇಸಳೂರಿನಲ್ಲಿ ಹೊಸ ಮನೆ ಕಟ್ಟಿಕೊಂಡು ಬಂದಿದ್ದೆವು, ಗೋಡೆಗೆ ಬಣ್ಣ ಇನ್ನೂ ಆಗಿರಲಿಲ್ಲ. ನಾನು ಹಿಂದೂಸ್ತಾನಿ ಗಾಯನದ ಪಾಠ ಹೇಳುತ್ತಿದ್ದೆ. ವಾರವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಮೂರು ಪಾಲು ಮಾಡಿ, ಬೆಳಗಿನ ಬಸ್ಸು ಹತ್ತಿದರೆ ಸಂಜೆಯ ಬಸ್ಸಿಗೆ ಮನೆ. ಮಕ್ಕಳೇ ಹೆಚ್ಚು. ಆದರೆ ಯಲ್ಲಾಪುರದಲ್ಲಿ ನನಗಿಂತ ಹಿರಿಯಳಾದ ಒಬ್ಬ ಶಿಷ್ಯೆ ಇದ್ದಳು. ಮನೆಯಲ್ಲಿ ಕೊಂಕಣಿ ಮಾತಾಡುವ ಹೆಂಗಸು, ಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ. ಎಲ್ಲರೂ ಟೇಲರ್ ಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವಳು ನನ್ನನ್ನು, ನಮ್ಮ ಕಡೆ ಟೀಚರುಗಳನ್ನು ಕರೆಯುವಂತೆ, ಅಕ್ಕೋರೆ ಎನ್ನುತ್ತಿದ್ದಳು.

ಟೇಲರ್ ಬಾಯಿ ಸಂಗೀತದ ಪರೀಕ್ಷೆಗೆ ಕೂರಬೇಕೆಂದು ಎರಡು ಸಲ ಹೊರಟು ಎರಡು ಸಲವೂ ತಪ್ಪಿಸಿಕೊಂಡಿದ್ದಳು. ಒಮ್ಮೆ ಮಗಳ ಮದುವೆ, ಇನ್ನೊಮ್ಮೆ ಅದೇ ಮಗಳ ಬಾಣಂತನ. "ಈ ಸಲ ಯಮ ಬಂದ್ರೂ ಹೊರಗೆ ಬೆಂಚಿನ ಮೇಲೆ ಕೂರ್ಸಿ ಪರೀಕ್ಷೆ ಕೊಡ್ತೆ ಅಕ್ಕೋರೆ" ಎಂದಿದ್ದಳು. ಅವಳ ತೊಂದರೆ ಒಂದೇ: ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುತ್ತಿರಲಿಲ್ಲ. ಭೂಪಾಲಿಯಲ್ಲಿ ಮೇಲಿನ ಷಡ್ಜದಿಂದ ಧೈವತಕ್ಕೆ ಇಳಿಯುವಾಗ ಮೆಟ್ಟಿಲಿಳಿದ ಹಾಗೆ ಇಳಿದರೆ ಅದು ಭೂಪಾಲಿ ಅನ್ನಿಸುವುದೇ ಇಲ್ಲ. ಹಾರ್ಮೋನಿಯಂ ಎಷ್ಟು ಒತ್ತಿದರೂ ಈ ಜಾರುವಿಕೆಯನ್ನು ಕಲಿಸಲಾರದು, ಅದರ ಪಟ್ಟಿಗಳ ನಡುವೆ ಏನೂ ಇಲ್ಲವಲ್ಲ. ಗುರುವಿನ ಬಾಯಿಂದ ಕೇಳಿಯೇ ಕಲಿಯಬೇಕು. ನನ್ನ ಬಾಯಲ್ಲೋ, ಕೇಳಿಸಬೇಕಾದ ಆ ಷಡ್ಜವೇ ಇರಲಿಲ್ಲ.

ಮೊದಮೊದಲು ಗಂಟಲಿನದೇ ತೊಂದರೆ ಎಂದುಕೊಂಡೆ. ಉಪ್ಪುನೀರು ಮುಕ್ಕಳಿಸಿದೆ, ಜ್ಯೇಷ್ಠಮಧು ಚೀಪಿದೆ, ಕಾಳುಮೆಣಸು ಜಗಿದೆ. ಅತ್ತೆ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಆದರೆ ಗಂಟಲು ಕೆಟ್ಟರೆ ಕಾಲು ಯಾಕೆ ಬಾತುಕೊಳ್ಳಬೇಕು? ಕ್ಲಾಸು ನಡೆಯುತ್ತಿದ್ದ ಯಲ್ಲಾಪುರದ ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದೆ. ಬಾಚಣಿಗೆಗೆ ಕೂದಲು ಹಿಡಿಗಟ್ಟಲೆ ಬರುತ್ತಿತ್ತು. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದ ಹಾಡಿನ ಸಾಲು ನಡುವೆ ಮರೆತುಹೋಗುತ್ತಿತ್ತು. ಇನ್ನೊಂದು ನನ್ನ ಗಮನಕ್ಕೇ ಬಂದಿರಲಿಲ್ಲ. ಟೇಲರ್ ಬಾಯಿಗೆ ಮಾತ್ರ ಗೊತ್ತಾಗಿತ್ತು. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಅವಳ ಕಾಲು ಕ್ಲಾಸಿನಲ್ಲೂ ಸುಮ್ಮನಿರುತ್ತಿರಲಿಲ್ಲ, ಲಯ ಹಿಡಿದು ಆಡುತ್ತಲೇ ಇರುತ್ತಿತ್ತು.

"ಅಕ್ಕೋರೆ, ತಪ್ಪು ತಿಳ್ಕಬೇಡಿ. ನಿಮ್ಮ ತಾಳ ಯಾಕೋ ತೂಕಡಿಸ್ತಾ ಅದೆ" ಎಂದಳು ಒಂದು ದಿನ.

ನನಗೆ ಸಿಟ್ಟು ಬಂತು. ಲಯದ ಬಗ್ಗೆ ಶಿಷ್ಯರ ಕೈಲಿ ಹೇಳಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೂ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಅಳು ಬಂತು. ಮರುದಿನವೇ ಶಿರಸಿಯಲ್ಲಿ ಡಾಕ್ಟರಮ್ಮನ ಹತ್ತಿರ ಹೋದೆ.

ಡಾಕ್ಟರಮ್ಮ ಹಾವೇರಿ ಕಡೆಯವರು. ಮಾತು ಒರಟು, ಕೈ ಮೆತ್ತಗೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಏನ್ರಿ ಇದು, ಕಣ್ಣಾಗ ಕೆಂಪನ್ನೋದ ಇಲ್ಲ." ಮೊಣಕಾಲ ಕೆಳಗೆ ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಕುತ್ತಿಗೆ ಮುಟ್ಟಿ, ಎಂಜಲು ನುಂಗಲು ಹೇಳಿ, ರಕ್ತ ತೆಗೆಸಿದರು. ಹಿಮೋಗ್ಲೋಬಿನ್ ಅಲ್ಲೇ ಸಿಕ್ಕಿತು, ಎಂಟರ ಆಸುಪಾಸು. ಥೈರಾಯ್ಡ್ ಮತ್ತು ವಿಟಮಿನ್ ಪರೀಕ್ಷೆಗೆ ರಕ್ತ ಹುಬ್ಬಳ್ಳಿಗೆ ಹೋಯಿತು. ಅದರ ಉತ್ತರ ಬಂದ ಮೇಲೆ ಕೂರಿಸಿ ತಿಳಿಸಿ ಹೇಳಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ, ಮೈಯ ಕೆಲಸವೆಲ್ಲ ನಿಧಾನ ಆಗಿರುವುದು ಅದಕ್ಕೇ. ಜೊತೆಗೆ ಕಬ್ಬಿಣದ ಅಂಶ ಕಡಿಮೆ, ಬಿ-ಹನ್ನೆರಡು ಕಡಿಮೆ. ದನಿಪೆಟ್ಟಿಗೆಗೂ ಬಾವು ಬಂದಿರಬೇಕು.

"ದನಿ ವಾಪಸ್ ಬರ್ತದೇನು ಡಾಕ್ಟರೇ?" ಎಂದೆ. ಬೇರೆ ಯಾವುದೂ ನನ್ನ ತಲೆಯೊಳಗೆ ಇಳಿದಿರಲಿಲ್ಲ.

"ಬರಬೇಕ್ರಿ. ಗುಳಿಗಿ ತಪ್ಪಸಬ್ಯಾಡ್ರಿ ಅಷ್ಟ. ಚಾ, ಕಾಫಿ ಕುಡೀತೀರೇನು? ಅದರ ಜೋಡಿ ಗುಳಿಗಿ ತಗೋಬಾರದು."

"ಇಲ್ಲ. ಚಾ, ಕಾಫಿ ಎರಡೂ ಕುಡಿಯುವವಳೇ ಅಲ್ಲ" ಎಂದೆ, ಸ್ವಲ್ಪ ಜಂಬದಿಂದಲೇ. ಅದು ನಿಜವೂ ಆಗಿತ್ತು. ಗಂಟಲು ಕೆಡುತ್ತದೆಂದು ಹುಡುಗಿಯಾಗಿದ್ದಾಗಲೇ ಬಿಟ್ಟಿದ್ದೆ.

ವಾರಕ್ಕೊಂದು ಬಿ-ಹನ್ನೆರಡರ ಇಂಜೆಕ್ಷನ್ ಶುರುವಾಯಿತು. ಔಷಧಿ ಕೆಂಪಗೆ, ದಾಸವಾಳದ ಎಸಳು ಅರೆದ ಹಾಗೆ. ನುಂಗುವುದಕ್ಕೆ ಥೈರಾಯ್ಡಿನ ಪುಟ್ಟ ಬಿಳಿ ಗುಳಿಗೆ, ಕಬ್ಬಿಣದ ಕಂದು ಗುಳಿಗೆ, ಮೂಳೆಗೆಂದು ಕೊಟ್ಟ ಸುಣ್ಣದ ಅಂಶದ, ಎಂದರೆ ಕ್ಯಾಲ್ಸಿಯಂನ, ದಪ್ಪ ಗುಳಿಗೆ. ಯಾವುದು ಯಾವಾಗ ಎಂದು ಔಷಧಿ ಅಂಗಡಿಯಲ್ಲಿ ಒಂದು ಉಸುರಿಗೆ ಹೇಳಿದರು, ನಾನು ಬಸ್ಸಿನ ಗಡಿಬಿಡಿಯಲ್ಲಿ ಒಂದು ಕಿವಿಯಲ್ಲಿ ಕೇಳಿದೆ. ಮನೆಗೆ ಬಂದ ಮೇಲೆ ಗುಳಿಗೆಯ ಕಾರುಬಾರು ಅತ್ತೆಯ ಕೈಗೆ ಹೋಯಿತು. ಅವರಿಗೆ ನನ್ನ ಮೇಲೆ ನಿಜವಾದ ಅಕ್ಕರೆ. ಮನೆಯಲ್ಲಿ ನನ್ನ ತಂಬೂರಿ ಕೇಳದಿದ್ದರೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

"ಗುಳಿಗೆ ಹೇಳಿರೆ ಉಷ್ಣ ಕೂಸೆ" ಎಂದರು ಅತ್ತೆ. "ಬರೀ ನೀರಲ್ಲಿ ನುಂಗಿರೆ ಹೊಟ್ಟೆ ಸುಟ್ಟು ಹೋಗ್ತು. ಮೂರನ್ನೂ ಒಂದೇ ಸಲ ಬಾಯಿಗೆ ಹಾಕು, ಮೇಲಿಂದ ಇದನ್ನ ಕುಡಿ. ಮರೆತ್ತೂ ಇಲ್ಲೆ, ಉಷ್ಣವೂ ಆಗ್ತಿಲ್ಲೆ."

'ಇದು' ಎಂದರೆ ಕಷಾಯ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ದೊಡ್ಡ ಲೋಟ ತುಂಬಾ. ನಮ್ಮ ಕಡೆ ಗುಳಿಗೆಯ ಉಷ್ಣ ಎಂದರೆ ಹುಟ್ಟಿದ ಮಗುವಿಗೂ ಗೊತ್ತು. ನಾನೂ ಪ್ರಶ್ನಿಸಲಿಲ್ಲ.

ಮಳೆಗಾಲ ಕಳೆಯುತ್ತ ಬಂದಾಗ ಮತ್ತೆ ರಕ್ತ ಹುಬ್ಬಳ್ಳಿಗೆ ಹೋಯಿತು. ಥೈರಾಯ್ಡ್ ಸೋಮಾರಿಯಾದಷ್ಟೂ ಏರುವ ಅಂಕಿ ಇಳಿದಿರಲಿಲ್ಲ. ಕಬ್ಬಿಣದ ಗುಳಿಗೆ ನುಂಗೀ ನುಂಗೀ ಬಾಯಿ ಒಗರಾಗಿದ್ದರೂ ಹಿಮೋಗ್ಲೋಬಿನ್ ಅರ್ಧ ಹೆಜ್ಜೆ ಹತ್ತಿತ್ತು ಅಷ್ಟೆ. ಡಾಕ್ಟರಮ್ಮ ಥೈರಾಯ್ಡ್ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ದೀಪಾವಳಿ ಮುಗಿದ ಮೇಲೆ ಇನ್ನೊಂದು ಪರೀಕ್ಷೆ. ಆಗಲೂ ಅದೇ ಕತೆ, ಮತ್ತೆ ಹೆಚ್ಚಳ. ಗುಳಿಗೆಯ ಬಲ ಹೆಚ್ಚಾದಾಗಲೆಲ್ಲ ಅತ್ತೆ ಉಷ್ಣಕ್ಕೆ ಹೆದರಿ ಲೋಟದ ಗಾತ್ರ ಹೆಚ್ಚಿಸುತ್ತಿದ್ದರು. ಕ್ಲಾಸುಗಳಲ್ಲಿ ನಾನು ಕಿರಿಯ ಮಕ್ಕಳಿಗೆ ಕೆಳಗಿನ ಸ್ವರಗಳಲ್ಲೇ ಅಲಂಕಾರ ಹೇಳಿಸುತ್ತ ದಿನ ದೂಡುತ್ತಿದ್ದೆ. ಸಿದ್ದಾಪುರದಲ್ಲಿ, ನಿಲ್ಕುಂದದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ತಾಯಿ ಮಗಳನ್ನು ಬಿಡಿಸಿಯೇ ಬಿಟ್ಟಳು. "ಟೀಚರ್ ಹಾಡುದೇ ಇಲ್ಲೆ, ಬರೀ ಪೆಟ್ಟಿಗೆ ಬಾರಿಸ್ತ್ರಪ್ಪ" ಎಂದಳಂತೆ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಡಿಸೆಂಬರಿನಲ್ಲಿ ಬಂದ ಮುಂದಿನ ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖರೇ ಹೇಳ್ರಿ. ಗುಳಿಗಿ ನುಂಗ್ತೀರೋ, ಕಿಡಕ್ಯಾಗ ಒಗೀತೀರೋ?"

ಮೈಯೆಲ್ಲ ಉರಿಯಿತು. ಒಂದು ದಿನವೂ ತಪ್ಪಿಸಿಲ್ಲ, ಬೇಕಾದರೆ ನಮ್ಮ ಅತ್ತೆಯನ್ನು ಕರೆದು ಕೇಳಿ ಎಂದೆ. ಅವರು ನಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: "ಹಂಗಾರ ನಾಳಿ ಮುಂಜಾನೆ ಮನ್ಯಾಗ ತಗೋಬ್ಯಾಡ್ರಿ. ಎಲ್ಲಾ ಕಟ್ಕೊಂಡು ಇಲ್ಲಿಗೇ ಬರ್ರಿ. ಮನ್ಯಾಗ ಹ್ಯಾಂಗ ತಗೋತೀರಿ, ಹಂಗ ನನ್ನ ಮುಂದ ತಗೋರಿ."

ಮನೆಯಲ್ಲಿ ಹೇಗೋ ಹಾಗೇ ಎಂದರೆ ಹಾಗೇ. ಮರುದಿನ ಗುಳಿಗೆಯ ಡಬ್ಬಿಯ ಜೊತೆ ಅತ್ತೆ ಕಷಾಯ ತುಂಬಿಕೊಟ್ಟ ಫ್ಲಾಸ್ಕೂ ಹಿಡಿದು ಹೋದೆ. ಅವರ ಮೇಜಿನ ಎದುರು ಕೂತು, ಮೂರು ಗುಳಿಗೆ ಅಂಗೈಗೆ ಸುರಿದುಕೊಂಡು, ಫ್ಲಾಸ್ಕಿನ ಮುಚ್ಚಳ ತೆಗೆದು ಅದಕ್ಕೇ ಬಗ್ಗಿಸಿದೆ. ಜೀರಿಗೆಯ ಪರಿಮಳ ಕೋಣೆ ತುಂಬಾ ಹರಡಿತು.

"ತಡೀರಿ, ತಡೀರಿ. ಏನದು?"

"ಕಷಾಯ."

"ಕಷಾಯ ಅಂದ್ರ ಔಷಧಿ ಬೇರು ಕುದಿಸಿದ ನೀರಲ್ರಿ? ಇದು ಬೆಳ್ಳಗೈತಿ!"

"ಹಾಲು ಹಾಕದೆ ಕಷಾಯ ಹೇಗಾಗ್ತದೆ?" ಎಂದೆ. ಅವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನಿಜಕ್ಕೂ ಆಶ್ಚರ್ಯವಾಗಿತ್ತು.

ಡಾಕ್ಟರಮ್ಮ ಎದ್ದು ಬಂದು ಮುಚ್ಚಳ ಬಗ್ಗಿಸಿ ನೋಡಿದರು, ಮೂಸಿದರು, ಒಂದು ಗುಟುಕು ಕುಡಿದೂ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ಬಿದ್ದು ಬಿದ್ದು ನಕ್ಕರು. "ಅರ್ಧಕ್ಕರ್ಧ ಹಾಲ ಐತಿ! ನಾ ಚಾ ಕಾಫಿ ಕೇಳಿದೆ, ನೀವು ಇಲ್ಲ ಅಂದ್ರಿ, ಮುಗೀತು. ಈ ನಿಮ್ಮ ಊರಿಗೆ ಬಂದು ಹತ್ತು ವರ್ಷಾತು, ಇದನ್ನೊಂದು ಕೇಳಬೇಕಂತ ನನಗ ಹೊಳೀಲಿಲ್ಲ ನೋಡ್ರಿ."

ಅಂಗೈಯ ಗುಳಿಗೆಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ದೂರ ದೂರ ಇಟ್ಟು ವಿವರಿಸಿದರು. ಥೈರಾಯ್ಡ್ ಗುಳಿಗೆಗೆ ಬರಿ ಹೊಟ್ಟೆ, ಬರಿ ನೀರು. ಆಮೇಲೆ ಒಂದು ಗಂಟೆ ಏನೂ ಬೇಡ. ಹಾಲು, ಸುಣ್ಣದ ಗುಳಿಗೆ, ಕಬ್ಬಿಣದ ಗುಳಿಗೆ ಎಲ್ಲವೂ ಅದನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಾಲಿನ ಜೊತೆ ಕಬ್ಬಿಣವೂ ಸೇರುವುದಿಲ್ಲ. ಆದ್ದರಿಂದ ಕಬ್ಬಿಣ ನಾಲ್ಕು ಗಂಟೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ, ಏನಾದರೂ ಹುಳಿಯ ಜೊತೆ. ಸುಣ್ಣದ್ದು ರಾತ್ರಿ ಊಟವಾದ ಮೇಲೆ. "ಹಾಲು ಬಿಡಬ್ಯಾಡ್ರಿ ಮತ್ತ. ಮಾಂಸ, ತತ್ತಿ ತಿನ್ನದವರಿಗೆ ಬಿ-ಹನ್ನೆರಡು ಸಿಗೋದ ಹಾಲು ಮಜ್ಜಿಗ್ಯಾಗ. ಗುಳಿಗಿ ಹತ್ರ ಮಾತ್ರ ಅದನ್ನ ತರಬ್ಯಾಡ್ರಿ." ಗುಳಿಗೆಯ ಪ್ರಮಾಣವನ್ನು ಒಂದು ಹಂತ ಇಳಿಸಿ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಇನ್ನು ಮೇಲೆ ಔಷಧಿ ಪೂರ್ತಿ ಮೈಗೆ ಹತ್ತಿದರೆ ಇಷ್ಟೂ ಹೆಚ್ಚಾಗಬಹುದು. ಎದೆ ಬಡಿದುಕೊಂಡರೆ, ಕೈ ನಡುಗಿದರೆ ಕಾಯಬೇಡಿ, ಬನ್ನಿ.

ಈಗ ಅತ್ತೆಗೆ ಹೇಳಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಗಂಡ ಬೈಕಿಗೆ ಪೆಟ್ರೋಲ್ ಹಾಕಿಸುವ ನೆಪ ಹೇಳಿ ಹೊರಟೇಬಿಟ್ಟರು.

"ಗುಳಿಗೆಯ ಹಾಲಲ್ಲಿ ತಗಂಬಲಾಗ್ದಡ ಅತ್ತೆ" ಎಂದೆ.

ಅತ್ತೆ ಸೌಟು ಕೆಳಗಿಟ್ಟರು. "ಹಂಗಾರೆ ಇಷ್ಟು ದಿನ ಆನು ಕೊಟ್ಟದ್ದು ಎಂತ? ವಿಷವಾ?"

"ಹಾಲು ಬಿಡಲಾಗ್ದಡ. ಗುಳಿಗೆ ಒಟ್ಟಿಗೆ ಮಾತ್ರ ಬ್ಯಾಡದಡ. ಕಬ್ಬಿಣದ್ದು ಹುಳಿ ಒಟ್ಟಿಗಡ."

ಅವರು ಫ್ಲಾಸ್ಕು ತೊಳೆದು ಕವುಚಿಟ್ಟು ಒಳಗೆ ಹೋದರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಅಯ್ಯೋ ಅನ್ನಿಸಿತ್ತು. ನಾನು ಸೊರಗುತ್ತಿದ್ದಷ್ಟೂ ಹೆಚ್ಚು ಹೆಚ್ಚು ಹಾಲು ಹಾಕಿ ನನ್ನನ್ನು ಉಳಿಸಿಕೊಳ್ಳಲು ನೋಡಿದವರು ಅವರು. ಸಂಜೆ ತಾವಾಗಿಯೇ ಬಂದು ಕೇಳಿದರು: "ಹುಳಿ ಹೇಳಿದ್ರಡ. ಎಂತ ಹುಳಿ?"

"ನಿಂಬೆಹಣ್ಣು, ನೆಲ್ಲಿಕಾಯಿ ಯಾವ್ದಾದ್ರೂ ಅಡ್ಡಿಲ್ಲೆ ಅಂದ್ರು."

"ನೆಲ್ಲಿಕಾಯಿಯಾ?" ಅತ್ತೆಯ ಮುಖ ಅರಳಿತು. "ನೆಲ್ಲಿಕಾಯಿ ಹೇಳಿರೆ ತಂಪು! ಅದ್ನ ಮೊದಲೇ ಹೇಳಲಾಗಿತ್ತಿಲ್ಯಾ ನಿನ್ನ ಡಾಕ್ಟ್ರಿಗೆ?" ಅಲ್ಲಿಗೆ ಉಷ್ಣದ ಜಗಳ ಬಗೆಹರಿಯಿತು. ಮರುದಿನದಿಂದ ನನ್ನ ಚೀಲಕ್ಕೆ ನೆಲ್ಲಿಕಾಯಿ ಜಜ್ಜಿ ಹಿಂಡಿದ ನೀರಿನ ಬಾಟಲಿ ಬಂತು. ಕಷಾಯ ಬೆಳಗಿನ ತಿಂಡಿಯ ಜೊತೆಗೆ, ಗುಳಿಗೆ ನುಂಗಿ ಗಂಟೆ ಕಳೆದ ಮೇಲೆ. ನಾನು ಬೆಳಕು ಹರಿಯುವ ಮೊದಲು ಎದ್ದು ಗುಳಿಗೆ ನುಂಗಿದ್ದನ್ನು ಅವರು ಕೇಳಿ ಖಾತ್ರಿ ಮಾಡಿಕೊಂಡೇ ಒಲೆ ಹತ್ತಿಸುತ್ತಿದ್ದರು.

ಇನ್ನೊಂದು ತೊಡಕು ಹೊರಗಿತ್ತು. ನಮ್ಮಲ್ಲಿ ಯಾರ ಮನೆಗೆ ಕಾಲಿಟ್ಟರೂ "ಆಸ್ರಿಗೆ ಎಂತ ಅಡ್ಡಿ?" ಎಂದು, ಕುಡಿಯಲು ಏನಾಗಬಹುದೆಂದು, ಕೇಳುತ್ತಾರೆ. ಏನೂ ಬೇಡ ಎಂದರೆ ಮನೆಯವರ ಮುಖ ಸಣ್ಣಗಾಗುತ್ತದೆ. ಮಧ್ಯಾಹ್ನ ಕಬ್ಬಿಣದ ಗುಳಿಗೆ ನುಂಗುವ ಹೊತ್ತಿಗೆ ನಾನು ಯಾವುದಾದರೂ ಶಿಷ್ಯರ ಮನೆಯ ಜಗಲಿಯಲ್ಲಿರುತ್ತಿದ್ದೆ. ಎದುರಿಗೆ ಹಾಲಿನದೇ ಲೋಟ. ಇಷ್ಟು ದಿನ ದಾಕ್ಷಿಣ್ಯಕ್ಕೆ ಕುಡಿದಿದ್ದೆ. ಈಗ ನಾಚಿಕೆ ಬಿಟ್ಟು "ನಿಂಬೆಹಣ್ಣಿನ ಪಾನಕ ಇದ್ರೆ ಕೊಡಿ, ಗುಳಿಗೆ ನುಂಗೂದಿದ್ದು" ಎನ್ನತೊಡಗಿದೆ. ಮೂರು ತಾಲೂಕಿನಲ್ಲೂ ನನ್ನ ಗುಳಿಗೆಯ ಸುದ್ದಿ ಹರಡಿತು. ಸಿದ್ದಾಪುರದ ಒಂದು ಮನೆಯಲ್ಲಂತೂ ನಾನು ಚಪ್ಪಲಿ ಬಿಡುವ ಮೊದಲೇ ನಿಂಬೆಹಣ್ಣು ಕತ್ತರಿಸಿರುತ್ತಿದ್ದರು.

ಪರೀಕ್ಷೆಗೆ ಹೆಸರು ಕೊಡುವ ದಿನ ಬಂತು. ನನ್ನ ದನಿ ಆಗಲೂ ಧೈವತದಲ್ಲೇ ಕೂತಿತ್ತು. ಯಲ್ಲಾಪುರದಲ್ಲಿ ಟೇಲರ್ ಬಾಯಿಯನ್ನು ಬದಿಗೆ ಕರೆದು, "ಬಾಯಿ, ಮುಂದಿನ ವರ್ಷ ನೋಡುವಾ. ಮೀಂಡು ನನ್ನ ಬಾಯಿಂದ ಕೇಳದೆ ನಿಮಗೆ ಬರೂದಿಲ್ಲ. ನನ್ನ ದನಿ ಯಾವಾಗ ಬರ್ತದೋ ನನಗೇ ಗೊತ್ತಿಲ್ಲ" ಎಂದೆ.

ಅವಳು ಕತ್ತರಿ ಹಿಡಿದು ಗಟ್ಟಿಯಾದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. "ಮುಂದಿನ ವರ್ಷ ಅಂತ ನಾನೇ ಎರಡು ಸಲ ಹೇಳ್ಕಂಡಾಗದೆ ಅಕ್ಕೋರೆ. ಮೂರನೇದು ನೀವು ಹೇಳಬೇಡಿ. ಹೆಸರು ಬರೀರಿ. ದನಿ ಬಂದ್ರೆ ಕಲ್ಸಿ, ಬರದಿದ್ರೆ ನಾನು ಪೆಟ್ಟಿಗೆ ಹಾಗೇ ಹಾಡಿ ಫೇಲಾಗಿ ಬರ್ತೆ."

ಹೆಸರು ಕೊಟ್ಟೆ. ಅವಳ ಧೈರ್ಯಕ್ಕೆ ನನ್ನ ಹೆದರಿಕೆ ಅಡ್ಡ ಬರಬಾರದು ಅನ್ನಿಸಿತು. ಅಂದಿನಿಂದ ನಾನೂ ಒಂದು ಪಥ್ಯ ಹಿಡಿದೆ. ದಿನಾ ಬೆಳಿಗ್ಗೆ ಗುಳಿಗೆ ನುಂಗಿ, ಕಷಾಯಕ್ಕೆ ಕಾಯುವ ಆ ಒಂದು ಗಂಟೆ ತಂಬೂರಿ ಹಿಡಿದು ಮಂದ್ರ ಸಾಧನೆ. ಕೆಳಗಿನ ಷಡ್ಜವನ್ನೇ ಉದ್ದಕ್ಕೆ ಹಿಡಿಯುವುದು, ಮೇಲಿನದರ ಗೊಡವೆಗೆ ಹೋಗುವುದೇ ಇಲ್ಲ. ಬರಿ ಹೊಟ್ಟೆಯ ಗಂಟೆ ಹಾಗೆ ಸಾರ್ಥಕವಾಯಿತು.

ಸಂಕ್ರಾಂತಿಯ ಹೊತ್ತಿಗೆ ಕಾಲಿನ ಬಾವು ಇಳಿಯಿತು. ಮೆಟ್ಟಿಲ ನಡುವೆ ನಿಲ್ಲುವುದು ತಪ್ಪಿತು. ಹುರುಪು ಎಷ್ಟು ಬಂತೆಂದರೆ ಮನೆಯ ಹಂಡೆ, ತಪ್ಪಲೆ ಎಲ್ಲ ತಿಕ್ಕಿ ಬೆಳಗಿದೆ. ನಿದ್ದೆ ಮಾತ್ರ ಬರುತ್ತಿರಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಯಲ್ಲಾಪುರದ ಕ್ಲಾಸಿನಲ್ಲಿ ತ್ರಿತಾಲ ಹಾಕಿ ಹೇಳಿಕೊಡುತ್ತಿದ್ದೆ. ಟೇಲರ್ ಬಾಯಿ ಹಾಡು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕೋರೆ, ಬಸ್ಸು ತಪ್ಪಿತ್ತಾ? ಎಂತಕ್ಕೆ ಹಾಗೆ ಓಡ್ತಾ ಇದ್ರಿ?"

ಈ ಸಲ ಸಿಟ್ಟು ಬರಲಿಲ್ಲ. ಎದೆಯ ಮೇಲೆ ಕೈ ಇಟ್ಟು ನೋಡಿದೆ. ವೇಗದ ದ್ರುತ್ ಲಯದಲ್ಲಿ ಹೊಡೆದುಕೊಳ್ಳುತ್ತಿತ್ತು. ಹಾರ್ಮೋನಿಯಂ ಮೇಲಿದ್ದ ಬೆರಳು ಸಣ್ಣಗೆ ನಡುಗುತ್ತಿತ್ತು. ಕ್ಲಾಸು ಅಲ್ಲಿಗೇ ಬಿಟ್ಟು ಮೊದಲ ಬಸ್ಸಿಗೆ ಶಿರಸಿಗೆ ಬಂದೆ. ಡಾಕ್ಟರಮ್ಮ ನಾಡಿ ಹಿಡಿದು, ರಕ್ತ ಕಳಿಸಿ, ಗುಳಿಗೆಯ ಪ್ರಮಾಣವನ್ನು ಮತ್ತೆ ಇಳಿಸಿದರು. "ಹೆದರಬ್ಯಾಡ್ರಿ, ಛಲೋ ಸುದ್ದೀನ ಇದು. ಗುಳಿಗಿ ಮೈಗೆ ಹತ್ತಾಕತ್ತೈತಿ ಅಂತ ಅರ್ಥ. ಇನ್ನ ಶ್ರುತಿ ಮಾಡೋದಷ್ಟ ಉಳೀತು" ಎಂದರು. ಸಂಗೀತದವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಬೂರಿ ಶ್ರುತಿ ಮಾಡುವಾಗಲೂ ತಂತಿ ಮೊದಲು ಸಡಿಲ, ಆಮೇಲೆ ಬಿಗಿ, ಆಮೇಲೆಯೇ ಸರಿ.

ಮಾರ್ಚ್ ತಿಂಗಳಲ್ಲಿ ಅಂಕಿಗಳು ಸರಿಯಾದ ಜಾಗಕ್ಕೆ ಬಂದವು. ಹಿಮೋಗ್ಲೋಬಿನ್ ಹನ್ನೊಂದು ದಾಟಿತ್ತು. ಒಂದು ಬೆಳಿಗ್ಗೆ ಮಂದ್ರ ಸಾಧನೆ ಮುಗಿಸಿ, ಯಾವ ಆಲೋಚನೆಯೂ ಇಲ್ಲದೆ ಪಂಚಮ ಹಿಡಿದವಳು ಧೈವತ ಮುಟ್ಟಿ ಮೇಲೆ ಹೋದೆ. ಷಡ್ಜ ಅಲ್ಲಿತ್ತು. ಸ್ವಲ್ಪ ತೆಳ್ಳಗೆ, ಆದರೆ ನನ್ನದೇ. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಇನ್ನೊಂದು ಸಲ ಹಾಡು" ಎಂದರು. ಹಾಡಿದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಗಂಟೆ ಆತು, ಕಷಾಯ ಕುಡಿಲಕ್ಕು ಬಾ" ಎಂದು ಒಳಗೆ ಹೋದರು.

ಆಮೇಲೆ ಉಳಿದಿದ್ದು ಕೆಲವೇ ವಾರ. ಯಲ್ಲಾಪುರಕ್ಕೆ ಹೆಚ್ಚಿನ ಕ್ಲಾಸಿಗೆ ಹೋದೆ. ಹಾರ್ಮೋನಿಯಂ ಮುಚ್ಚಿ ಬದಿಗಿಟ್ಟೆವು. ನಾನು ಷಡ್ಜದಿಂದ ಧೈವತಕ್ಕೆ ಜಾರುವುದು, ಟೇಲರ್ ಬಾಯಿ ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಅವಳು ಜಾರುವುದು. ಮೊದಲು ಮೆಟ್ಟಿಲೇ ಬಂತು. ತಿಂಗಳುಗಟ್ಟಲೆ ಪೆಟ್ಟಿಗೆಯಿಂದ ಕೇಳಿದ್ದನ್ನು ಕಿವಿಯಿಂದ ತೆಗೆಯುವುದು ಸುಲಭವಲ್ಲ. "ಬಟ್ಟೆ ಕತ್ತರಿಸಬೇಡಿ ಬಾಯಿ, ನೂಲು ಎಳೀರಿ" ಎಂದೆ ಒಮ್ಮೆ ಬೇಸತ್ತು. ಅವಳು ನಕ್ಕಳು. ನಗು ಮುಗಿದ ಮೇಲೆ ಹಾಡಿದಾಗ, ಪೂರ್ತಿ ಅಲ್ಲದಿದ್ದರೂ, ಜಾರಿತು.

ಪರೀಕ್ಷೆ ಶಿರಸಿಯಲ್ಲಿ. ಪರೀಕ್ಷಕರು ಹೊರಊರಿನವರು. ಚಿಕ್ಕ ಮಕ್ಕಳ ಸಾಲಿನ ನಡುವೆ ಟೇಲರ್ ಬಾಯಿ ತಾನೇ ಹೊಲಿದ ಹೊಸ ರವಿಕೆ ತೊಟ್ಟು ಕೂತಿದ್ದಳು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಅವಳ ಸರದಿ ಬಂದಾಗ ಪರೀಕ್ಷಕರು ಭೂಪಾಲಿಯನ್ನೇ ಕೇಳಿದರು. ಸ್ಥಾಯಿ ಮುಗಿಯಿತು, ಅಂತರಾ ಏರಿತು. ಮೇಲಿನ ಷಡ್ಜದಲ್ಲಿ ಅವಳು ನಿಂತಳು. ಚಾಪೆಯ ಮೇಲೆ ಆಡುತ್ತಿದ್ದ ಅವಳ ಕಾಲೂ ನಿಂತಿತು. ಆಮೇಲೆ ಆ ದನಿ, ನಡುವೆ ಒಂದು ಹೊಲಿಗೆಯೂ ಕಾಣದಂತೆ, ಧೈವತಕ್ಕೆ ಇಳಿಯಿತು.

ಪರೀಕ್ಷಕರು ತಲೆ ಎತ್ತಿದರು. "ಈ ಮೀಂಡು ಯಾರ ಹತ್ತಿರ ಕಲಿತಿರಿ?"

ಟೇಲರ್ ಬಾಯಿ ತಿರುಗಿ ನನ್ನ ಕಡೆ ಕೈ ತೋರಿಸಿದಳು. "ನಮ್ಮ ಅಕ್ಕೋರ ಬಾಯಿಂದ" ಎಂದಳು.